ಊಟದ ಹೊತ್ತಿನ ರೆಕಾರ್ಡಿಂಗ್

“ಮನೆಮಾತು ಯಾವುದು ಅಂತ ಜನ ಹೇಳಿಕೊಳ್ಳುವುದನ್ನು ನಂಬಬಾರದು.” ಭಾಷಾ ಶಿಕ್ಷಣದ ಎಂ.ಎ. ತರಗತಿಯಲ್ಲಿ, ರಾಯಪುರಂನಿಂದ ಬರುವ ಸಹಪಾಠಿಯೊಬ್ಬ ಹೀಗೆಂದಾಗ ನಾನು ತಡೆಯಲಾರದೆ ಎದ್ದು ನಿಂತೆ. ಚರ್ಚಾಸ್ಪರ್ಧೆಗಳಲ್ಲಿ ಹೆಸರು ಮಾಡಿದವಳು ನಾನು; ನಂಬದೆ ಇರುವುದು ನನ್ನ ಕೆಲಸ, ಅವನದಲ್ಲ. ಅಪ್ಪ ಅಮ್ಮ ಗದಗಿನ ಕಡೆಯವರು. ನಾನು ಬೆಳೆದದ್ದು ಎಗ್ಮೋರ್‌ನ ರೈಲ್ವೆ ಕ್ವಾರ್ಟರ್ಸಿನಲ್ಲಿ, ಓದಿದ್ದು ಇಲ್ಲಿನ ತಮಿಳು ಶಾಲೆಗಳಲ್ಲಿ. ಆದರೂ ಅಪ್ಪ ಹಟ ಹಿಡಿದು ಕಲಿಸಿದ ಕನ್ನಡದಲ್ಲಿ ಪುಸ್ತಕ ಓದುತ್ತೇನೆ, ಬರೆಯುತ್ತೇನೆ.

“ನಮ್ಮ ಮನೆಮಾತು ಕನ್ನಡ. ಪುರಾವೆ ಬೇಕಾ?” ಎಂದೆ.

“ಬೇಕು, ಬುಧವಾರ ತಗೊಂಡು ಬಾ,” ಎಂದರು ಮೇಡಂ. ಮನೆಯ ಒಂದು ಊಟದ ಮಾತನ್ನು ರೆಕಾರ್ಡ್ ಮಾಡಿ, ಸಾಲು ಸಾಲಾಗಿ ಬರೆದು, ಪ್ರತಿ ಸಾಲಿಗೂ ಭಾಷೆಯ ಗುರುತು ಹಾಕಬೇಕು.

ಭಾನುವಾರ ಮಧ್ಯಾಹ್ನ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟೆ. ಮಂಗಳವಾರ ಸಂಜೆ ಹೆಡ್‌ಫೋನ್ ಹಾಕಿಕೊಂಡು ಬರೆಯಲು ಕೂತೆ. ಅಪ್ಪ: ಕನ್ನಡ. ಅಮ್ಮ: ಕನ್ನಡ. ದೀಪಾವಳಿ ಮುಗಿಸಿಕೊಂಡು ಊರಿಂದ ನಮ್ಮಲ್ಲಿಗೆ ಬಂದಿರುವ ಅಪ್ಪನ ತಾಯಿ, ನನ್ನ ಅಜ್ಜಿ: ಅಪ್ಪಟ ಕನ್ನಡ. ನಾನು: ತಮಿಳು. ಮುಂದಿನ ಸಾಲೂ ತಮಿಳು. ಅದರ ಮುಂದಿನದೂ.

ಮೊದಲು ರೆಕಾರ್ಡಿಂಗಿನ ಮೇಲೇ ಅನುಮಾನಪಟ್ಟೆ. ಒಂದು ದಿನದ ಮಾತು ಯಾವ ಲೆಕ್ಕ? ಫೋನು ನೋಡಿ ಗಲಿಬಿಲಿಯಾಗಿರಬಹುದಲ್ಲ? ಆಮೇಲೆ ಅಜ್ಜಿಯ ಮತ್ತು ನನ್ನ ಈ ಸಾಲುಗಳು ಬಂದವು.

“ತಂಗಿ, ನಾಳೆ ಕಣ್ಣಿನ ಡಾಕ್ಟರ್ ಕಡೆ ಕರ್ಕೊಂಡು ಹೋಗ್ತಿಯೇನ? ನಿಮ್ಮಪ್ಪಗ ಡ್ಯೂಟಿ ಐತಂತ. ಬಲಗಣ್ಣು ಭಾಳ ಮಂಜಾಗೇತಿ.”

“ಮುಡಿಯಾದು ಅಜ್ಜಿ, ಸೆಮಿನಾರ್ ಇರುಕ್ಕು. ಅಮ್ಮಾವೈ ಕೂಟ್ಟಿಟ್ಟು ಪೋ.”

“ಹೂಂ.”

ಆಗುವುದಿಲ್ಲ, ಅಮ್ಮನನ್ನು ಕರೆದುಕೊಂಡು ಹೋಗು ಎಂದಿದ್ದೆ. ಅಪ್ಪ ನೀರು ತರಲು ಎದ್ದು ಹೋದ ಹೊತ್ತು; ಅಮ್ಮ ಅಡುಗೆಮನೆಯಲ್ಲಿ ಹಪ್ಪಳ ಕರಿಯುತ್ತಿದ್ದಳು. ಇಬ್ಬರೂ ಕೇಳಿಸಿಕೊಂಡಿರಲಿಲ್ಲ. ಅಜ್ಜಿಯ ‘ಹೂಂ’ ಎದುರಿಗೆ ‘ಒಪ್ಪಿಗೆ’ ಎಂದು ಬರೆಯಲು ಹೋದವಳಿಗೆ ಹಿಂದಿನ ದಿನ ಕಂಡದ್ದು ನೆನಪಾಯಿತು. ಸೋಮವಾರ ಬೆಳಿಗ್ಗೆ ಅಜ್ಜಿ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದಳು. ಗುಡಿಗೆ ಹೊರಟಿರಬೇಕು ಎಂದುಕೊಂಡು ನಾನು ಅವಳನ್ನು ದಾಟಿಯೇ ಕಾಲೇಜಿಗೆ ಹೋಗಿದ್ದೆ.

ಅವಳು ಕಾದಿದ್ದದ್ದು ನನಗಾಗಿ; ನನ್ನ ತಮಿಳು ಅವಳಿಗೆ ತಿಳಿದೇ ಇರಲಿಲ್ಲ. ಹೆಡ್‌ಫೋನ್ ಕಿತ್ತು ಅಜ್ಜಿಯ ಬಳಿ ಹೋದೆ. ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಂಡೆ.

“ಅಜ್ಜಿ, ನಾಳೆ ನಾನು ಕರ್ಕೊಂಡು ಹೋಗ್ತೀನಿ, ಡಾಕ್ಟರ್ ಹತ್ರ.”

ಅಜ್ಜಿ ನನ್ನ ಮುಖವನ್ನೇ ನೋಡಿದಳು. “ಅಯ್ಯ ನಮ್ಮವ್ವ! ನಿನಗ ಕನ್ನಡ ಮಾತಾಡಾಕ ಬರ್ತೈತೇನ?”

“ಬರುತ್ತೆ ಅಜ್ಜಿ. ಮೊದಲಿಂದ್ಲೂ ಬರುತ್ತೆ.”

“ಮತ್ತ ಇಷ್ಟು ದಿನ ಬಾಯಾಗ ಏನು ಇಟ್ಕೊಂಡಿದ್ದಿ? ಪಾಪ, ಕೂಸಿಗೆ ಬರೂದಿಲ್ಲ, ಕೆದಕಿ ಕೇಳಿ ನಾಚಿಕಿ ಮಾಡಬಾರದು ಅಂತ ನಾ ಹೂಂ ಹೂಂ ಅಂತಿದ್ದೆ.”

ದೀಪಾವಳಿಯಿಂದ ನಾವಿಬ್ಬರೂ ದಿನಾ ಹರಟೆ ಹೊಡೆಯುತ್ತಿದ್ದೇವೆ ಎಂದೇ ನಾನು ತಿಳಿದಿದ್ದೆ. ಅವಳು ಒಬ್ಬಳೇ ಮಾತಾಡಿಕೊಂಡು, ನನ್ನನ್ನು ಕಾಪಾಡುತ್ತಿದ್ದಳು!

ಬುಧವಾರ ಸಹಪಾಠಿಗೆ ಫೋನ್ ಮಾಡಿ, “ನೀನೇ ಗೆದ್ದೆ, ಮೇಡಂಗೆ ಹೇಳು. ಪುರಾವೆ ಮುಂದಿನ ವಾರ ನಾನೇ ತರ್ತೀನಿ,” ಎಂದೆ. ಅವನು “ಯಾಕೆ?” ಎನ್ನುವಷ್ಟರಲ್ಲಿ ಆಟೋ ಬಂತು.

ಡಾಕ್ಟರ್ ತಮಿಳಿನಲ್ಲಿ ಕೇಳಿದರು: ಮಂಜಾಗಿ ಎಷ್ಟು ದಿನವಾಯಿತು, ನೋವಿದೆಯಾ? ನಾನು ಅಜ್ಜಿಯ ಕಡೆ ತಿರುಗಿ ಅದನ್ನೇ ಕೇಳಿದೆ. ತಮಿಳಿನಲ್ಲೇ. ಡಾಕ್ಟರ್ ಪೆನ್ನು ಹಿಡಿದು ಕಾಯುತ್ತಿದ್ದರು. ಈ ಸಲ ಅಜ್ಜಿ ಹೂಂ ಎನ್ನಲಿಲ್ಲ.

“ತಿಳೀಲಿಲ್ಲ,” ಎಂದಳು ಗಟ್ಟಿಯಾಗಿ. “ಇನ್ನೊಮ್ಮೆ ಹೇಳು.”