ಕಲ್ಲುರಾಣಿಯ ತುರುಬು

ಪಾರ್ಲರಕ್ಕನ ಅಂಗಡಿಗೆ ಕೂದಲು ಕತ್ತರಿಸಿಕೊಳ್ಳಲು ಹೋದವರು ಅಕ್ಕಪಕ್ಕದ ಮನೆಯ ಸುದ್ದಿ ಕೇಳಿಕೊಂಡು ಬರುತ್ತಿರಲಿಲ್ಲ. ಯಾವುದೋ ಕಾಲದ ರಾಜ ತನ್ನ ಭಾವಮೈದುನರನ್ನು ಹೇಗೆ ಮುಗಿಸಿದ ಎಂದು ಕೇಳಿಕೊಂಡು ಬರುತ್ತಿದ್ದರು. ಶಾಂಪೂ ಬಾಟಲಿಗಳ ಕಪಾಟಿನಲ್ಲಿ ಅರ್ಧ ಜಾಗ ಕಾದಂಬರಿಗಳಿಗೆ, ಹಳೆಯ ಇತಿಹಾಸದ ಪುಸ್ತಕಗಳಿಗೆ ಹೋಗಿತ್ತು. ಕಾಲೇಜಿನಲ್ಲಿ ಇತಿಹಾಸ ಓದಬೇಕೆಂದಿದ್ದವಳು ಅಪ್ಪ ತೀರಿಕೊಂಡ ವರ್ಷ ಚಿಕ್ಕಮ್ಮನ ಪಾರ್ಲರಿಗೆ ಸೇರಿ, ಅಲ್ಲೇ ಉಳಿದುಬಿಟ್ಟಿದ್ದಳು. ಸಿನಿಮಾ ಎಂದರೂ ಪ್ರಾಣ. ಆದರೆ ಅವಳ ಜೊತೆ ಕೂತು ನೋಡುವುದು ಕಷ್ಟ. ಕೋಟೆಗೆ ಬೆಂಕಿ ಬಿದ್ದು ರಾಣಿ ಕುದುರೆ ಏರಿ ತಪ್ಪಿಸಿಕೊಳ್ಳುವಾಗ ಇಡೀ ಥಿಯೇಟರು ಉಸಿರು ಬಿಗಿಹಿಡಿದಿದ್ದರೆ, ಇವಳು ಗಂಡನ ಕಿವಿಯಲ್ಲಿ, ಒಂದು ಕೂದಲೂ ಹಾರುತ್ತಿಲ್ಲವಲ್ಲ ಎಂದು ಗೊಣಗುವಳು. ಲಿಫ್ಟ್ ರಿಪೇರಿ ಮಾಡಿ ದಣಿದ ಗಂಡ ಅಷ್ಟರಲ್ಲಿ ನಿದ್ದೆಹೋಗಿರುತ್ತಿದ್ದ.

ಒಂದು ಪುಸ್ತಕದಲ್ಲಿ ಅವಳಿಗೆ ಪುರಾತನ ಕಾಲದ ರಾಣಿಯೊಬ್ಬಳ ಕಲ್ಲಿನ ಮೂರ್ತಿಯ ಚಿತ್ರ ಕಂಡಿತು. ಹಣೆಯಿಂದ ಎದ್ದ ಸಣ್ಣ ಸಣ್ಣ ಜಡೆಗಳು ಒಂದರೊಳಗೊಂದು ಹೆಣೆದುಕೊಂಡು, ಕಿವಿಯ ಮೇಲೆ ಹಾದು ಹಿಂದಕ್ಕೆ ಹೋಗಿದ್ದವು. ಹಿಂದಕ್ಕೆ ಹೋಗಿ ಏನಾದವು? ಅದು ಚಿತ್ರದಲ್ಲಿರಲಿಲ್ಲ. ಬೇರೆ ಪುಸ್ತಕ ತರಿಸಿದಳು. ಅಲ್ಲೂ ಬರೀ ಮುಖ. ಅಷ್ಟು ಭಾರದ ಕೂದಲನ್ನು ಹೇಗೆ ಎತ್ತಿ ನಿಲ್ಲಿಸಿದ್ದರು ಎಂಬ ಪ್ರಶ್ನೆ ಅವಳ ತಲೆಯೊಳಗೆ ಹೊಕ್ಕು ಮನೆ ಮಾಡಿತು.

ಮೂರ್ತಿ ಇದ್ದದ್ದು ದೂರದ ಊರಿನ ಮ್ಯೂಸಿಯಂನಲ್ಲಿ. ಹೋಗಬೇಕು ಎಂದುಕೊಂಡಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು: ಮಗಳ ಪರೀಕ್ಷೆ, ಅತ್ತೆಯ ಮಂಡಿ ಆಪರೇಷನ್ನು, ಗಂಡನ ಬೆನ್ನುನೋವು. ಮಗಳಿಗೆ ಮದುವೆಯಾಯಿತು. ಪಾರ್ಲರಕ್ಕನ ಕೂದಲಿಗೂ ಬಿಳಿ ಬಂತು. ಕೊನೆಗೊಂದು ದಿನ ಗಂಡನೇ ರೈಲಿನ ಟಿಕೆಟ್ ತಂದು ಅವಳ ಕೈಗಿಟ್ಟ.

"ನಡಿ, ನನ್ನ ಸವತಿ ಎಲ್ಲಿದಾಳೆ ನಾನೂ ನೋಡ್ತೀನಿ," ಅಂದ.

ಮ್ಯೂಸಿಯಂನಲ್ಲಿ ರಾಣಿಯನ್ನು ಗೋಡೆಗೆ ತೀರ ಹತ್ತಿರ ನಿಲ್ಲಿಸಿದ್ದರು. ನಡುವೆ ಕೈ ತೂರುವಷ್ಟು ಸಂದು, ಮುಂದೆ ಹಗ್ಗ. ಪಾರ್ಲರಕ್ಕ ಆ ಕಡೆಯಿಂದ ಬಗ್ಗಿದಳು, ಈ ಕಡೆಯಿಂದ ಬಗ್ಗಿದಳು. ಕಾವಲಿಗಿದ್ದ ಹೆಂಗಸು ಹತ್ತಿರ ಬಂದು, ಏನಾದರೂ ಬಿದ್ದುಹೋಯಿತೇ ಎಂದು ಕೇಳಿದಳು. ಇವಳು ನಾಚಿಕೊಂಡೇ ವಿಷಯ ಹೇಳಿದಳು. ಆಕೆ ನಗಲಿಲ್ಲ.

"ಸೇರ್ಕೊಂಡಾಗಿಂದ ಇವಳ ಮುಖಾನೇ ನೋಡ್ತಿದೀನಿ. ಹಿಂದೆ ಏನಿದೆ ಅಂತ ನಂಗೂ ಗೊತ್ತಿಲ್ಲ ನೋಡಿ."

ಹಗ್ಗ ದಾಟಲು ಯಾರನ್ನೂ ಬಿಡುವಂತಿರಲಿಲ್ಲ. ಪಾರ್ಲರಕ್ಕನ ಚೀಲದಲ್ಲಿ ಕೈಗನ್ನಡಿಯಿತ್ತು. ಕಾವಲಿನ ಹೆಂಗಸು ಅದನ್ನು ಇಸಿದುಕೊಂಡು, ತಾನೇ ಒಳಗೆ ಹೋಗಿ, ಸಂದಿನಲ್ಲಿ ಓರೆಯಾಗಿ ಹಿಡಿದಳು. ಗಂಡ ಈಚೆಯಿಂದ ಫೋನಿನ ಟಾರ್ಚ್ ಬಿಟ್ಟ.

ಕನ್ನಡಿಯಲ್ಲಿ ಕಂಡದ್ದು ಬರೀ ಒರಟು ಕಲ್ಲು. ಜಡೆಗಳು ಕಿವಿಯ ಹಿಂದೆ ಬಂದು ತಟ್ಟನೆ ನಿಂತುಹೋಗಿದ್ದವು. ಗೋಡೆಗೆ ಆತು ನಿಲ್ಲುವ ಮೂರ್ತಿಯೆಂದು ಶಿಲ್ಪಿ ಹಿಂಭಾಗ ಕೆತ್ತುವ ಗೋಜಿಗೇ ಹೋಗಿರಲಿಲ್ಲ.

ಪಾರ್ಲರಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಗಂಡ ನೀರಿನ ಬಾಟಲಿ ಕೊಟ್ಟು, ಸಂಬಳ ತಗೊಂಡು ಅರ್ಧ ಕೆಲಸ ಮಾಡಿದ್ದಾನೆ ಎಂದು ಶಿಲ್ಪಿಯನ್ನು ಬೈದ.

"ಅವನ ಮೇಲೆ ಸಿಟ್ಟಿಲ್ಲ ಕಣ್ರೀ," ಅಂದಳು. "ದಿನಾ ಬೆಳಗ್ಗೆ ರಾಣಿ ಹಿಂದೆ ನಿಂತು ಯಾರೋ ಒಬ್ಬಳು ತಲೆ ಬಾಚಿರ್ತಾಳಲ್ವಾ? ಅವಳ ಕೈಗೆ ಎಲ್ಲಾ ಗೊತ್ತಿತ್ತು. ಅವಳ ಹತ್ರ ಒಂದ್ಸಲ ಕೂತು ಮಾತಾಡ್ಬೇಕು ಅನ್ಸುತ್ತೆ ನಂಗೆ."

ಗಂಡ ಪಕ್ಕದಲ್ಲಿ ಕೂತ.

ಊರಿಗೆ ಮರಳಿದ ಮೇಲೆ, ಉದ್ದ ಕೂದಲಿನ ಟೀಚರೊಬ್ಬರು ಪಾರ್ಲರಿಗೆ ಬಂದಾಗ, ಬಿಡುವಿದೆಯಾ ಎಂದು ಕೇಳಿ ಕೂರಿಸಿಕೊಂಡಳು. ಮುಂದಿನ ಜಡೆಗಳನ್ನು ರಾಣಿಯ ತಲೆಯಲ್ಲಿದ್ದಂತೆಯೇ ಹೆಣೆದಳು. ಕಿವಿ ದಾಟಿದ ಮೇಲೆ ಬೆರಳುಗಳು ಒಂದು ಗಳಿಗೆ ತಡೆದವು; ಆಮೇಲೆ ಕೆಳಗಿನಿಂದ ಸುತ್ತಿ ತುರುಬು ಕಟ್ಟಿದವು. ರಾಣಿಯ ಕತೆ ಕೇಳುತ್ತ ಕೂತಿದ್ದ ಟೀಚರು, ಅವಳ ತಲೆಯ ಹಿಂದೆ ಹೀಗೇ ಇತ್ತೇ ಎಂದು ಕೇಳಿದರು.

"ಹೀಗೂ ಇದ್ದಿರಬಹುದು," ಎಂದು ಹೇಳಿ, ಬಿಚ್ಚಿ, ಬೇರೆ ಥರ ಕಟ್ಟಿದಳು. ಅದೂ ಗಟ್ಟಿಯಾಗಿ ನಿಂತಿತು. ಯಾವುದು ನಿಜವೆಂದು ಹೇಳುವವರು ಯಾರೂ ಇರಲಿಲ್ಲ. ಟೀಚರಿಗೆ ಕುರ್ಚಿಯಲ್ಲೇ ಜೊಂಪು ಹತ್ತಿತ್ತು. ಅವಳು ಪಿನ್ನುಗಳನ್ನು ಒಂದೊಂದಾಗಿ ತೆಗೆದು, ಮತ್ತೆ ಬಾಚತೊಡಗಿದಳು.