ಸದ್ದಿಲ್ಲದ ಪೆಟ್ಟಿಗೆಯ ಮೌಲಾಸಾಬರು

ಮೌಲಾಸಾಬರು ಯಾವ ಕಂಪ್ಯೂಟರನ್ನಾದರೂ ಚಾಲೂ ಮಾಡುವ ಮೊದಲು ಅಂಗಡಿಯ ಫ್ಯಾನನ್ನು ಬಂದ್ ಮಾಡುತ್ತಿದ್ದರು. ಏಪ್ರಿಲ್ ತಿಂಗಳ ಸವಣೂರಿನಲ್ಲಿ, ತಗಡಿನ ಚಾವಣಿಯ ಕೆಳಗೆ, ಅಷ್ಟು ಸಣ್ಣ ಅಂಗಡಿಯಲ್ಲಿ ಹಾಗೆ ಮಾಡುವುದೆಂದರೆ ಗಿರಾಕಿಯನ್ನು ಒಲೆಯ ಮೇಲೆ ಕೂರಿಸಿದಂತೆಯೇ. ಯಾರಾದರೂ ಗೊಣಗಿದರೆ, “ಎರಡ ನಿಮಿಷ ಬೆವರ್ರಿ, ಏನೂ ಆಗೂದಿಲ್ಲ. ಇದು ಏನ್ ಅಂತೈತಿ ಕೇಳೂಣು” ಎನ್ನುವರು. ಆಮೇಲೆ ಕ್ಯಾಬಿನೆಟ್ಟಿನ ನೆತ್ತಿಗೆ ಬಲಗೈ ಇಟ್ಟು, ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಅಂಗಡಿಯ ಹಿಂಭಾಗವೇ ಅವರ ಮನೆ. ನಡುವಿನ ಬಾಗಿಲಿಗೆ ಒಂದು ಹಸಿರು ಪರದೆ. ಕೈ ತೆಗೆದು ಆ ಪರದೆಯ ಕಡೆ ತಿರುಗಿ “ಹೂಂ?” ಎಂದು ಗಟ್ಟಿಯಾಗಿ ಕೇಳುವರು. ಆಚೆಯಿಂದ ಹೆಂಡತಿ ಜೈತುನಬಿ “ಐತಿ” ಎಂದು ಕೂಗಿದರೆ ಸದ್ದು ಇನ್ನೂ ಇದೆ ಎಂದು, ಮತ್ತೆ ಸ್ಕ್ರೂ ಬಿಚ್ಚಬೇಕು. “ಇಲ್ಲ” ಎಂದರೆ ಯಂತ್ರ ಸಿದ್ಧವಾಯಿತು ಎಂದರ್ಥ.

ಮೊದಲ ಸಲ ಇದನ್ನು ನೋಡಿದಾಗ ಗಂಡಹೆಂಡಿರ ನಾಟಕ ಎಂದುಕೊಂಡೆ. ನನ್ನ ಸ್ವಭಾವವೇ ಅಂಥದ್ದು. ಯಾರಾದರೂ ಕೆಲಸವನ್ನು ಪೂಜೆಯಂತೆ ಮಾಡಿದರೆ ನನಗೆ ಮೊದಲು ಅನುಮಾನ ಬರುತ್ತದೆ.

ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿಕೊಡುವುದು ನನ್ನ ಕೆಲಸ. ಚಿತ್ರ ತೆಗೆಯುವವರು ಹಾನಗಲ್, ಹಿರೇಕೆರೂರಿನಿಂದಲೂ ಮೆಮೊರಿ ಕಾರ್ಡು ತಂದುಕೊಡುತ್ತಾರೆ. ಶಿಗ್ಗಾಂವಿಯ ನಮ್ಮ ಮನೆಗೆ ಎರಡೇ ಕೋಣೆ. ಒಳಗಿನದು ಅಡುಗೆಗೆ. ಹೊರಗಿನದರಲ್ಲಿ ಒಂದು ಗೋಡೆಗೆ ನನ್ನ ಕಂಪ್ಯೂಟರು, ಇನ್ನೊಂದು ಗೋಡೆಗೆ ನಮ್ಮವರ, ಎಂದರೆ ನನ್ನ ಗಂಡನ, ಮಂಚ. ಅವರು ತಡಸದ ಹತ್ತಿರ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಗಾಯ ಮಾಯಿತು, ಮಾತೂ ಮರಳಿ ಬಂತು, ಆದರೆ ಒಂದೇ ಸಮನೆ ಗುಂಯ್ ಎನ್ನುವ ಸದ್ದು ಮಾತ್ರ ಅವರಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಪಾತ್ರೆ ಬಿದ್ದರೆ ತೊಂದರೆಯಿಲ್ಲ, ಬಸ್ಸಿನ ಹಾರನ್ನಿಗೂ ತೊಂದರೆಯಿಲ್ಲ. ಫ್ರಿಜ್ಜನ್ನು ನಾದಿನಿಯ ಮನೆಗೆ ಸಾಗಿಸಿದೆವು. ನನ್ನ ಹಳೆಯ ಕಂಪ್ಯೂಟರು ಹಿಟ್ಟಿನ ಗಿರಣಿಯಂತೆ ಒದರುತ್ತಿತ್ತು. ಅದನ್ನು ಎಲ್ಲಿಗೂ ಸಾಗಿಸುವ ಹಾಗಿರಲಿಲ್ಲ, ಮನೆ ನಡೆಯುತ್ತಿದ್ದುದೇ ಅದರಿಂದ. ಗುಂಡಿ ಒತ್ತಿದ ಕೂಡಲೇ ಅವರು ಎರಡೂ ಕಿವಿಗೆ ಕೈ ಒತ್ತಿಕೊಂಡು ಗೋಡೆಯ ಕಡೆ ಹೊರಳುತ್ತಿದ್ದರು. ಬಂದ್ ಮಾಡು ಎಂದು ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಆ ದಿನಗಳಲ್ಲಿ ನನಗೆ ದುಃಖ ಆಗುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಏನೂ ಆಗುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದೆ, ಗುಳಿಗೆ ಕೊಡುತ್ತಿದ್ದೆ, ಬೇರೆಯವರ ಮದುವೆಯ ಅಕ್ಕಿಕಾಳನ್ನು ನಿಧಾನ ಚಲನೆಯಲ್ಲಿ ಬೀಳಿಸುತ್ತಿದ್ದೆ.

ಸದ್ದಿಲ್ಲದ ಕಂಪ್ಯೂಟರು ಮಾಡಿಕೊಡುತ್ತಾರೆಂದು ಯಾರೋ ಹೇಳಿದ್ದಕ್ಕೆ ಸವಣೂರಿಗೆ ಹೋದೆ. ಕೈಯಲ್ಲಿ ಬಿಡಿಭಾಗಗಳ ಪಟ್ಟಿಯಿತ್ತು, ಇಂಟರ್‌ನೆಟ್ಟಿನಲ್ಲಿ ಹುಡುಕಿ ನಾನೇ ಬರೆದುಕೊಂಡದ್ದು. ಮೌಲಾಸಾಬರು ಅದನ್ನು ತೆಗೆದುಕೊಂಡು, ಓದದೆ, ಅದರ ಮೇಲೆ ಎಲೆಅಡಿಕೆಯ ಡಬ್ಬಿ ಇಟ್ಟರು.

“ಇದನ್ನ ಎಲ್ಲಿ ಇಡಾವ್ರು, ಅಕ್ಕಾರ?”

“ಮನ್ಯಾಗ. ಟೇಬಲ್ ಮ್ಯಾಲೆ.”

“ಮಗ್ಗಲಕ್ಕ ಯಾರ ಇರ್ತಾರ?”

ಹೇಳಿದೆ. ಬಿದ್ದದ್ದು, ಕಿವಿ, ಗೋಡೆ, ಎಲ್ಲ ಹೇಳಿದೆ. ಅಯ್ಯೋ ಪಾಪ ಎನ್ನಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಮೊದಲ ಬಾರಿಗೆ ಸ್ವಲ್ಪ ನಂಬಿಕೆ ಹುಟ್ಟಿತು. ಪಟ್ಟಿಯನ್ನು ಆಗ ಎತ್ತಿಕೊಂಡು ಓದಿದರು. ನಾನು ಆರಿಸಿದ್ದ ಗಾಜಿನ ಕ್ಯಾಬಿನೆಟ್ಟಿನ ಹೆಸರಿಗೆ ಗೀಟು ಎಳೆದರು. “ಇದು ಮದಲಗಿತ್ತಿ ಇದ್ದಂಗ, ಬರೇ ಮಿಂಚತೈತಿ. ಗಾಳಿ ಎಲ್ಲಿಂದ ಬರಬೇಕು?” ನಾಲ್ಕು ಸಣ್ಣ ಫ್ಯಾನುಗಳ ಜಾಗದಲ್ಲಿ ಎರಡು ದೊಡ್ಡವು ಬರೆದರು. “ಸಣ್ಣದು ಅವಸರ ಮಾಡತೈತಿ, ಚೀರತೈತಿ. ದೊಡ್ಡದು ನಿಧಾನ ತಿರಗತೈತಿ, ಗಾಳಿ ಅಷ್ಟ ಕೊಡತೈತಿ.” ಹಳೆಯ ನಮೂನೆಯ ಹಾರ್ಡ್ ಡಿಸ್ಕ್ ಬೇಡವೆಂದರು, ಅದರ ಹೊಟ್ಟೆಯಲ್ಲಿ ತಿರುಗುವ ತಟ್ಟೆಯಿದೆಯಂತೆ. ಪ್ರೊಸೆಸರಿನ ನೆತ್ತಿಗೆ, ಬಿಸಿ ಹೀರಿಕೊಳ್ಳಲು, ಇಟ್ಟಿಗೆಯಷ್ಟು ದೊಡ್ಡ ಹೀಟ್ ಸಿಂಕು. ಪವರ್ ಸಪ್ಲೈ ಬೇಕಾದುದಕ್ಕಿಂತ ಹೆಚ್ಚು ತಾಕತ್ತಿನದು.

“ಇಷ್ಟು ದೊಡ್ಡದು ಯಾಕ ಬೇಕ್ರಿ?” ಎಂದೆ.

“ಅರ್ಧ ಕೆಲಸ ಕೊಟ್ರ ಸುಮ್ಮನ ಮಾಡತೈತಿ. ಪೂರಾ ಹೇರಿದ್ರ ಬಾಯಿ ಮಾಡತೈತಿ. ಮನಷ್ಯಾರೂ ಹಂಗ ಅಲ್ರಿ?”

ಪೂರಾ ಹೇರಿಸಿಕೊಂಡೂ ಸುಮ್ಮನೇ ಕುಳಿತವಳು ಅವರೆದುರಿಗೇ ಇದ್ದಳು.

ಸಾಮಾನು ಹುಬ್ಬಳ್ಳಿಯಿಂದ ಬರಲು ವಾರ ಹಿಡಿಯಿತು. ಜೋಡಿಸುವಾಗ ಅವರು ಸೈಕಲ್ ಟ್ಯೂಬನ್ನು ಕತ್ತರಿಸಿ ಸಣ್ಣ ಸಣ್ಣ ಬಿಲ್ಲೆ ಮಾಡಿ, ಅದುರದಂತೆ ಪ್ರತಿ ಸ್ಕ್ರೂವಿನ ಕೆಳಗೂ ಇಟ್ಟರು. ಕ್ಯಾಬಿನೆಟ್ಟಿನ ಜೊತೆಗೇ ಬಂದಿದ್ದ ಗದ್ದಲದ ಫ್ಯಾನನ್ನು ಕಳಚಿ, ಅದಕ್ಕೆ ಕಾಗದ ಸುತ್ತಿ, ಮೇಲೆ ‘ಶಿಗ್ಗಾಂವಿ ಅಕ್ಕಾರು’ ಎಂದು ಬರೆದು ಒಂದು ಖಾಲಿ ಖಾರದ ಡಬ್ಬದಲ್ಲಿ ಹಾಕಿದರು. ನನಗೆ ಬೇಡ, ಎಸೆಯಿರಿ ಎಂದೆ. “ನಿಮ್ಮ ಮಾಲು. ನಾ ಯಾಕ ಒಗೀಲಿ?” ಎಂದರು. ಆ ಡಬ್ಬದಲ್ಲಿ ಬೇರೆ ಬೇರೆ ಹೆಸರಿನ ಇಂಥ ಪೊಟ್ಟಣಗಳು ಇನ್ನೂ ಇದ್ದವು. ಕಡೆಗೆ ಅಂಗಡಿಯ ಫ್ಯಾನು ನಿಂತಿತು, ಕೈ ನೆತ್ತಿಗೆ ಹೋಯಿತು, ಪರದೆಯಾಚೆಯಿಂದ “ಇಲ್ಲ” ಬಂತು.

ಮನೆಗೆ ತಂದು ಚಾಲೂ ಮಾಡಿದೆ. ನಮ್ಮವರು ಕಿವಿಗೆ ಕೈ ಒತ್ತಿಕೊಂಡರು.

ಫೋನ್ ಮಾಡಿ ಚೆನ್ನಾಗಿ ಬೈದೆ. ಆ ಬೈಗುಳದಲ್ಲಿ ಅರ್ಧ ಅವರಿಗೆ ಸೇರಬೇಕಾದದ್ದಲ್ಲ. ಮರುದಿನ ಮಧ್ಯಾಹ್ನದ ಬಸ್ಸಿಗೆ ಗಂಡಹೆಂಡತಿ ಇಬ್ಬರೂ ಬಂದಿಳಿದರು. ಜೈತುನಬಿಯನ್ನು ನಾನು ಇಡಿಯಾಗಿ ನೋಡಿದ್ದು ಆಗಲೇ: ಗಿಡ್ಡ ಹೆಂಗಸು, ಕನ್ನಡಕ, ಕೈಯಲ್ಲಿ ನಮ್ಮವರಿಗೆಂದು ಬಾಳೆಹಣ್ಣು. ಮಂಚದ ಪಕ್ಕದಲ್ಲಿ ನೆಲಕ್ಕೆ ಕುಳಿತು, ತಲೆ ವಾರೆ ಮಾಡಿ ಕೇಳಿಸಿಕೊಂಡು, “ಐತಿ. ಆದ್ರ ಪೆಟಗಿ ಒಳಗಲ್ಲ, ಕೆಳಗ” ಎಂದರು.

ಮೌಲಾಸಾಬರು ಬಗ್ಗಿ, ಕ್ಯಾಬಿನೆಟ್ಟಿನ ಕೆಳಗೆ ಹೊದಿಸಿದ್ದ ಬಟ್ಟೆಯನ್ನು ಎತ್ತಿ ನೋಡಿದರು. ಟೇಬಲ್ ಇರಲಿಲ್ಲ. ತವರಿನವರು ಕೊಟ್ಟ ತಗಡಿನ ಟ್ರಂಕಿತ್ತು. ಅಂಗಡಿಯಲ್ಲಿ ಕುಳಿತು ಟ್ರಂಕು ಎನ್ನಲು ನಾಚಿಕೆಯಾಗಿ ಟೇಬಲ್ ಎಂದಿದ್ದೆ. ಅವರು ನನ್ನ ಮುಖ ನೋಡಲಿಲ್ಲ. ಅಷ್ಟು ಭಾರದ, ಚಾಲೂ ಇದ್ದ ಪೆಟ್ಟಿಗೆಯನ್ನು ಎರಡೂ ಕೈಯಿಂದ ಮೆಲ್ಲಗೆ ಎತ್ತಿ ಎದೆಗೆ ಆನಿಸಿಕೊಂಡು ನಿಂತರು. ತಗಡಿನ ಗುಂಯ್‌ಗಾಟ ನಿಂತುಹೋಯಿತು. ನಮ್ಮವರು ಒಂದು ಕಿವಿಯಿಂದ ಕೈ ತೆಗೆದರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದರಿಂದಲೂ.

“ಅಕ್ಕಾರ, ಕಲ್ಲುಗಿಲ್ಲು ಐತೇನು? ಲಗೂನ ನೋಡ್ರಿ, ನನ್ನ ಟೊಂಕ ಹೋಗಾಕತ್ತೇತಿ.”

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಡೆ ಒಂದು ಚಪ್ಪಟೆ ಫರಸಿ ಕಲ್ಲು ಹೆಚ್ಚಿಗೆ ಬಿದ್ದಿತ್ತು. ನಾನೂ ಜೈತುನಬಿಯೂ ಹೊತ್ತುಕೊಂಡು ಬಂದೆವು. ಟ್ರಂಕಿನ ಮೇಲೆ ಟ್ಯೂಬಿನ ಪಟ್ಟಿ, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಪೆಟ್ಟಿಗೆ. ಮೌಲಾಸಾಬರು ಅಭ್ಯಾಸದಂತೆ ನೆತ್ತಿಗೆ ಕೈ ಇಟ್ಟರು. ಅವರ ಬೆನ್ನ ಹಿಂದೆ ನಿಂತು “ಚಹಾ ಕುಡೀತೀರೇನ್ರಿ?” ಎಂದು ಎರಡು ಸಲ ಕೇಳಿದೆ. ತಿರುಗಲಿಲ್ಲ. ಜೈತುನಬಿ ಅವರ ಭುಜ ಮುಟ್ಟಿದಾಗ ತಿರುಗಿದರು.

“ನನಗ ಕೇಳಸೂದ ಕಡಿಮಿ ಐತ್ರಿ,” ಎಂದರು, ಏನೂ ವಿಶೇಷವಿಲ್ಲ ಎನ್ನುವಂತೆ. “ಅಕ್ಕಿ ಗಿರಣ್ಯಾಗ ಮೋಟರ್ ರಿಪೇರಿ ಮಾಡತಿದ್ದೆ. ಇಪ್ಪತ್ತ ವರ್ಷ ಆ ಸದ್ದಿನ್ಯಾಗ ಕಿವಿ ಹೋತು. ಈಗ ಕೈಯಿಗೆ ಎಷ್ಟ ತಿಳೀತೈತಿ ಅಷ್ಟ ನಂದು. ಉಳದದ್ದು ಇಕಿದು.”

ಅಂದರೆ ನಾಟಕವೇನೂ ಆಗಿರಲಿಲ್ಲ. ಹಿಂದಿನ ದಿನ ಫೋನಿನಲ್ಲಿ ನಾನು ಬೈದದ್ದನ್ನು ಕೇಳಿಸಿಕೊಂಡವರು ಯಾರು ಎಂದು ಆಮೇಲೆ ಹೊಳೆದು, ಜೈತುನಬಿಯ ಕಪ್ಪಿಗೆ ಇನ್ನಷ್ಟು ಚಹಾ ಬಗ್ಗಿಸಿದೆ. ನಾಚಿಕೆಯಾಯಿತು. ಬಹಳ ತಿಂಗಳುಗಳಲ್ಲಿ ನನಗೆ ಏನಾದರೂ ಆದದ್ದು ಅದೇ ಮೊದಲು.

ಮುಂದೆ ಮೂರು ವರ್ಷ ಆ ಯಂತ್ರ ಕಲ್ಲಿನ ಮೇಲೆ ಕುಳಿತು ಕೆಲಸ ಮಾಡಿತು. ಮೊದಲು ಅರ್ಧ ದಿನ ಹಿಡಿಯುತ್ತಿದ್ದ ವಿಡಿಯೊ ಒಂದು ಚಹಾ ಕುಡಿಯುವುದರೊಳಗೆ ತಯಾರಾಗುತ್ತಿತ್ತು. ನಮ್ಮವರು ಮಧ್ಯಾಹ್ನ ಮಲಗುತ್ತಿದ್ದರು, ಈಗ ನನ್ನ ಕಡೆ ಮುಖ ಮಾಡಿ. ನಡುವೆ ಕಣ್ಣು ತೆರೆದು “ಚಾಲೂ ಐತೇನು?” ಎಂದು ಕೇಳುವರು. “ಐತಿ” ಎನ್ನುತ್ತಿದ್ದೆ. “ಕೇಳಸವಲ್ತು ನೋಡು” ಎಂದು ಮತ್ತೆ ಮಲಗುವರು. ಇಷ್ಟೇ ನಮ್ಮ ಸಂಸಾರದ ಮಾತು. ಸಾಕಾಗಿತ್ತು. ಒಂದು ಮಧ್ಯಾಹ್ನ ಹಾಗೆ ಕೇಳಲಿಲ್ಲ. ಹಿರೇಕೆರೂರಿನ ಯಾರದೋ ಆರತಕ್ಷತೆ ಮುಗಿಸಿ ತಿರುಗಿ ನೋಡಿದೆ. ಮುಖ ನನ್ನ ಕಡೆಯೇ ಇತ್ತು.

ಅವರ ಮಣ್ಣು, ತಿಥಿಕಾರ್ಯಗಳೆಲ್ಲ ಮುಗಿದ ಮೇಲೆ ಕೆಲಸಕ್ಕೆ ಕುಳಿತೆ. ಗುಂಡಿ ಒತ್ತಿದರೆ ಏನೂ ಕೇಳಿಸುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದರು ಅವರು. ಫ್ರಿಜ್ಜು ಕೂಡ ಇಲ್ಲದ ಆ ಮನೆಯಲ್ಲಿ ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಅಳು ಬರಲಿಲ್ಲ. ಹದಿನೈದು ದಿನ ನೋಡಿದೆ, ಆಮೇಲೆ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಕಟ್ಟಿ ಸವಣೂರಿನ ಬಸ್ಸು ಹತ್ತಿದೆ.

“ಏನ್ ಕೆಟ್ಟೈತ್ರಿ?” ಎಂದರು ಮೌಲಾಸಾಬರು.

“ಏನೂ ಕೆಟ್ಟಿಲ್ಲ. ಇದಕ್ಕ ಸದ್ದು ಮಾಡೂ ಫ್ಯಾನ್ ಹಾಕ್ರಿ.”

ಕೇಳಿಸಲಿಲ್ಲವೇನೋ ಎಂದು ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ. ಕೇಳಿಸಿತ್ತು. ನನ್ನ ಬರಿಹಣೆ ನೋಡಿದರು, ಬಳೆಯಿಲ್ಲದ ಕೈ ನೋಡಿದರು. ಖಾರದ ಡಬ್ಬ ಇಳಿಸಿ, ಪೊಟ್ಟಣಗಳನ್ನು ಕೆದಕಿ, ‘ಶಿಗ್ಗಾಂವಿ ಅಕ್ಕಾರು’ ಎಂದು ಬರೆದದ್ದನ್ನು ಹೊರತೆಗೆದರು. ಹಿಂದುಗಡೆ ಅದನ್ನು ಕೂರಿಸಿದರು, ಟ್ಯೂಬಿನ ಬಿಲ್ಲೆ ಇಡಲಿಲ್ಲ. ಅಂಗಡಿಯ ಫ್ಯಾನ್ ನಿಲ್ಲಿಸಿ ನೆತ್ತಿಗೆ ಕೈ ಇಟ್ಟು, ಪರದೆಯ ಕಡೆ ತಿರುಗಿ “ಹೂಂ?” ಎಂದರು.

ಆಚೆಯಿಂದ ತುಸು ತಡವಾಗಿ “ಐತಿ” ಎಂದು ಬಂತು.

“ಸಾಕೇನ್ರಿ ಅಕ್ಕಾರ?”

“ಸಾಕ್ರಿ” ಎಂದೆ.

ಅವರನ್ನು ಮತ್ತೆ ನೋಡಲಿಲ್ಲ. ಮೌಲಾಸಾಬರು ತೀರಿಹೋದ ಸುದ್ದಿ ನನಗೆ ತಿಳಿದದ್ದೇ ತಿಂಗಳ ಮೇಲೆ, ಜೈತುನಬಿಯನ್ನು ಮಾತನಾಡಿಸಿ ಬರಲು ಹೋದೆ. ಮೇಜಿನ ಮೇಲೆ ಯಾವ ಪೆಟ್ಟಿಗೆಯೂ ಇರಲಿಲ್ಲ. ಪರದೆಯನ್ನು ಒತ್ತಟ್ಟಿಗೆ ಸರಿಸಿ ಕಟ್ಟಿದ್ದರು. ಅಂಗಡಿಯ ಫ್ಯಾನು ಜೋರಾಗಿ ತಿರುಗುತ್ತಿತ್ತು. ಅದರ ಕೆಳಗೆ ಜೈತುನಬಿ, ಎದುರಿಗೆ ನಾನು ಕುಳಿತೆವು.

“ನಿಮ್ಮ ಮಿಶನ್ ಇನ್ನೂ ಸದ್ದು ಮಾಡತೈತೇನ್ರಿ?” ಎಂದು ಕೇಳಿದರು.

“ಮಾಡತೈತ್ರಿ.”

“ಚಲೋ ಆತು” ಎಂದರು. ಏಳಲು ಹೊರಟೆ. ಅವರು ನನ್ನ ಕೈ ಹಿಡಿದು ಮತ್ತೆ ಕೂರಿಸಿಕೊಂಡರು. “ಬಂದ್ ಮಾಡಾಕ ಮನಸ್ಸ ಆಗವಲ್ತು ನೋಡ್ರಿ” ಎಂದು ಮೇಲೆ ಫ್ಯಾನಿನ ಕಡೆ ನೋಡಿದರು.