ಟ್ಯಾಂಕರ್ ನೀರಿನ ಮಂಗಳವಾರಗಳು

ಕೊರೊನಾ ಕಳೆದ ಮರುವರ್ಷ ನಾನು ದೇವನಹಳ್ಳಿ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ವಿಸ್ತರಣಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ವಿಸ್ತರಣಾಧಿಕಾರಿ ಎಂದರೆ ದೊಡ್ಡ ಹುದ್ದೆಯೇನಲ್ಲ. ಹಿಪ್ಪುನೇರಳೆ ತೋಟಗಳಿಗೆ, ಗೂಡಿನಿಂದ ನೂಲು ತೆಗೆಯುವ ಘಟಕಗಳಿಗೆ ಹೋಗುವುದು, ಹೊಸ ವಿಧಾನ ಹೇಳಿಕೊಡುವುದು, ಅಲ್ಲಿನ ಸ್ಥಿತಿಗತಿಯನ್ನು ಮೇಲಿನವರಿಗೆ ವರದಿ ಮಾಡುವುದು. ಇಪ್ಪತ್ತೆಂಟು ವರ್ಷ ಅದನ್ನೇ ಮಾಡಿದ್ದೆ. ಘಟಕದ ಬಾಗಿಲಲ್ಲಿ ನಿಂತರೆ ಸಾಕು, ಒಳಗೆ ಗೂಡು ಎಷ್ಟು ಬೆಂದಿದೆಯೆಂದು ವಾಸನೆಯಲ್ಲೇ ಹೇಳಬಲ್ಲೆ ಎಂಬ ಜಂಬವೂ ಇತ್ತು.

ಮಳೆಗಾಲದ ಶುರುವಿನಲ್ಲಿ ಬೆಂಗಳೂರಿನ ಪ್ರೊಫೆಸರ್ ಒಬ್ಬರು ಫೋನ್ ಮಾಡಿದರು. ಇಥಿಯೋಪಿಯಾ ದೇಶದ ವಿದ್ಯಾರ್ಥಿನಿಯೊಬ್ಬಳು ಅವರ ಬಳಿ ಎಂ.ಎಸ್ಸಿ. ಮಾಡುತ್ತಿದ್ದಳು. ನೂಲು ತೆಗೆಯಲು ಬಳಸುವ ನೀರಿನ ಮೇಲೆ ಅವಳ ಪ್ರಬಂಧ. ಅಳತೆ ತೆಗೆಯಲು ವಿಜಯಪುರದಲ್ಲಿ ಹತ್ತು ಬೇಸಿನ್ ಬೇಕು ಅಂದರು. ಬೇಸಿನ್ ಎಂದರೆ ಗೂಡನ್ನು ಬಿಸಿನೀರಿನಲ್ಲಿ ತೇಲಿಬಿಟ್ಟು ಎಳೆ ಹಿಡಿಯುವ ತೊಟ್ಟಿ. ನೀರು ಗಡಸಾಗಿದ್ದರೆ ಎಳೆ ಪದೇ ಪದೇ ಕಡಿಯುತ್ತದೆ, ಗೂಡು ಹೆಚ್ಚು ವ್ಯರ್ಥವಾಗುತ್ತದೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಖರ್ಚಾಯಿತು ಎಂಬುದಕ್ಕೆ ನಮ್ಮಲ್ಲಿ ರೆಂಡಿಟ್ಟ ಎನ್ನುತ್ತಾರೆ. ಅದು ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ಕಡೆ ಬೋರ್‌ವೆಲ್ ಆಳಕ್ಕಿಳಿದಂತೆ ನೀರು ಗಡಸಾಗುತ್ತ ಬಂದಿದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಅದರಿಂದ ಎಷ್ಟು ನಷ್ಟ ಎಂದು ಕೂತು ಅಳೆದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಹುಡುಗಿಯ ಹೆಸರು ಅಲ್ಮಾಜ್. ಇಪ್ಪತ್ತಾರು ವರ್ಷ, ಎತ್ತರದ ಆಳು. ತನ್ನ ದೇಶದಲ್ಲಿ ರೈತರಿಗೆ ರೇಷ್ಮೆ ಕಲಿಸುವ ತರಬೇತಿ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಬಂದಿದ್ದಳು. ಬಸ್‌ಸ್ಟ್ಯಾಂಡಿನಿಂದ ಘಟಕಗಳ ಕಡೆ ನಡೆಯುವಾಗ ಬೆಂಗಳೂರಿನ ತನ್ನ ಒಂದು ವರ್ಷದ ಕಥೆ ಹೇಳಿದಳು. ಮೊದಲ ಸೆಮಿಸ್ಟರಿನಲ್ಲಿ ಮೇಷ್ಟ್ರುಗಳ ಇಂಗ್ಲಿಷ್ ಕಿವಿಗೆ ಹತ್ತದೆ ಒಂದು ವಿಷಯದಲ್ಲಿ ಫೇಲಾದಳಂತೆ. ಬಾಡಿಗೆ ಮನೆ ಖಾಲಿಯಿದೆ ಎಂದು ಫೋನಿನಲ್ಲಿ ಹೇಳಿದ ಇಬ್ಬರು ಇವಳ ಮುಖ ನೋಡಿದ ಮೇಲೆ ಇಲ್ಲ ಅಂದರಂತೆ. ಕೊನೆಗೆ ಹಾಸ್ಟೆಲೇ ಗತಿಯಾಯಿತು.

"ಎಲ್ಲರೂ ನನ್ನ ಜೊತೆ ಫೋಟೊ ತೆಗೆಸಿಕೊಳ್ತಾರೆ ಮೇಡಂ, ಹೆಸರು ಮಾತ್ರ ಯಾರೂ ಕೇಳಲ್ಲ" ಎಂದಳು ಇಂಗ್ಲಿಷಿನಲ್ಲಿ. ದೂರಿನ ಧ್ವನಿಯೇನೂ ಇರಲಿಲ್ಲ. ಆದರೂ ನನಗೆ ಚುರುಕ್ಕೆಂದಿತು.

ಹೆಸರು ಕೇಳಿದವಳು ನಸೀಮಾ. ಅವಳೂ ಗಂಡ ಬಾಷಾ ಸಾಬರೂ ಸೇರಿ ಆರು ಬೇಸಿನ್ನಿನ ಘಟಕ ನಡೆಸುತ್ತಿದ್ದರು. ಹುಡುಗಿ ಹೆಸರು ಹೇಳಿದ ಕೂಡಲೇ ನಸೀಮಾ ಕೈಯಲ್ಲಿದ್ದ ಗೂಡು ಬಿಟ್ಟು ಎದ್ದಳು. "ಅಲ್ಮಾಸಾ? ನಮ್ಮಕ್ಕನ ಮಗಳ ಹೆಸರೂ ಅದೇ ಕಣಮ್ಮ! ವಜ್ರ ಅಂತ ಅರ್ಥ." ಅಲ್ಮಾಜ್ ಕಣ್ಣರಳಿಸಿದಳು. ಅವಳ ಭಾಷೆಯಲ್ಲೂ ಅದಕ್ಕೆ ಅದೇ ಅರ್ಥ. ಅಂದಿನಿಂದ ಅವಳು ವಿಜಯಪುರಕ್ಕೆ ಅಲ್ಮಾಸ್ ಆದಳು.

ಪಕ್ಕದ ಘಟಕದಲ್ಲಿ ಉಳಿದ ನಾಲ್ಕು ಬೇಸಿನ್ ಕೊಡಿಸಿದೆ. ಪ್ರತಿ ಮಂಗಳವಾರ ಬಂದು ಅಳತೆ ತೆಗೆಯುವುದೆಂದು ಗೊತ್ತಾಯಿತು. ಹೊರಡುವ ಮೊದಲು ಎರಡೂ ಘಟಕದವರನ್ನು ಕರೆದು ನಾನೊಂದು ಮಾತು ಹೇಳಿದೆ. "ದೂರದ ದೇಶದಿಂದ ಬಂದಿದಾಳೆ. ಚೆನ್ನಾಗಿ ನೋಡ್ಕೊಳ್ಳಿ. ಊರಿನ ಮರ್ಯಾದೆ ಪ್ರಶ್ನೆ." ಒಳ್ಳೆಯ ಮಾತು ಆಡಿದೆನೆಂದೇ ತಿಳಿದುಕೊಂಡಿದ್ದೆ.

ನಾಲ್ಕು ತಿಂಗಳು ಮಂಗಳವಾರಗಳು ಸರಾಗವಾಗಿ ಸಾಗಿದವು. ಅಲ್ಮಾಜ್ ಬೆಳಗಿನ ಬಸ್ಸಿಗೆ ಬಂದು ಮೀಟರ್ ಅದ್ದಿ ನೀರಿನ ಗಡಸುತನ ಅಳೆಯುತ್ತಿದ್ದಳು, ಎಳೆ ಎಷ್ಟು ಸಲ ಕಡಿಯಿತೆಂದು ಎಣಿಸುತ್ತಿದ್ದಳು, ಗೂಡು ಮತ್ತು ನೂಲು ತೂಗುತ್ತಿದ್ದಳು. ನಸೀಮಾ ಮಧ್ಯಾಹ್ನ ಊಟ ಹಾಕದೆ ಕಳಿಸುತ್ತಿರಲಿಲ್ಲ. ಹುಡುಗಿ "ಸಾಕು", "ಬಿಸಿ ಇದೆ", "ಎಳೆ ಕಡೀತು" ಎಂಬಷ್ಟು ಕನ್ನಡ ಕಲಿತಳು. ಒಮ್ಮೆ ತನ್ನ ಊರಿನ ಕಾಫಿಬೀಜ ತಂದು ಘಟಕದ ಒಲೆಯ ಮೇಲೇ ಹುರಿದು ಎಲ್ಲರಿಗೂ ಕಾಫಿ ಮಾಡಿಕೊಟ್ಟಳು. ಕಹಿಯಾಗಿತ್ತು. ಎಲ್ಲರೂ ಮುಖ ಸಿಂಡರಿಸದೆ ಕುಡಿದೆವು.

ಅಷ್ಟರಲ್ಲಿ ಪ್ರೊಫೆಸರ್ ಅವಳ ಅಂಕಿಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. ವಿಜಯಪುರದಲ್ಲಿ ಇಷ್ಟು ಮೆದುವಾದ ನೀರು ಎಲ್ಲಿಂದ ಬಂತು, ಮೊದಲು ಮೀಟರ್ ಸರಿಯಿದೆಯಾ ನೋಡು ಅಂದರು. ಅಲ್ಮಾಜ್ ಗಾಬರಿಯಿಂದ ನನಗೆ ಫೋನ್ ಮಾಡಿದಳು. "ಮೀಟರ್‌ಗೇನೂ ಆಗಿರಲ್ಲಮ್ಮ, ನಮ್ಮ ಜನ ಸುಧಾರಿಸಿದಾರೆ" ಎಂದೆ. ನನ್ನ ತರಬೇತಿಯ ಫಲವೇ ಅದೆಂದು ಒಳಗೊಳಗೇ ಹಿಗ್ಗಿದ್ದೂ ನಿಜ.

ಅವಳು ಮೀಟರ್ ಪರೀಕ್ಷಿಸಲು ಯಾರಿಗೂ ಹೇಳದೆ ಒಂದು ಶುಕ್ರವಾರ ನಸೀಮಾಳ ಘಟಕಕ್ಕೆ ಬಂದಳು. ಬೇಸಿನ್ನಿನಲ್ಲಿ ನೀರು ಚಹದ ಬಣ್ಣಕ್ಕಿತ್ತು. ಮೀಟರ್ ಅದ್ದಿದರೆ ಮಂಗಳವಾರದ ಮೂರು ಪಟ್ಟು ಗಡಸು. ಎಳೆ ಕಡಿಯುತ್ತಲೇ ಇತ್ತು. ಮಂಗಳವಾರದ ನೀರು ಎಲ್ಲಿಂದ ಬರುತ್ತದೆಂದು ಕೇಳಿದಳು. ನಸೀಮಾ ಮುಚ್ಚುಮರೆಯಿಲ್ಲದೆ, ಕೈಸನ್ನೆ ಸೇರಿಸಿ ಹೇಳಿದಳು. "ನೀನ್ ಬರೋ ದಿನ ತೆರೆದ ಬಾವಿಯಿಂದ ಟ್ಯಾಂಕರ್ ತರಿಸ್ತೀವಿ, ಹೊಸ ನೀರು ತುಂಬಿಸ್ತೀವಿ. ಮಿಕ್ಕಿದ ದಿನ ಬೋರ್‌ವೆಲ್ಲೇ. ಚೆನ್ನಾಗಿ ನೋಡ್ಕೊಳ್ಳಿ ಅಂತ ಸುಮಿತ್ರಾ ಮೇಡಂ ಹೇಳಿದ್ರಲ್ಲ!"

ಅರ್ಧ ಗಂಟೆಯಲ್ಲಿ ಅಲ್ಮಾಜ್ ನನ್ನ ಕಚೇರಿಯಲ್ಲಿದ್ದಳು. ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಟ್ಯಾಂಕರಿನ ವಿಷಯ ಹೇಳಿದಳು. ಪ್ರಬಂಧ ಒಪ್ಪಿಸಲು ಎರಡೇ ತಿಂಗಳು ಉಳಿದಿತ್ತು. ಅದರ ಬೆನ್ನಿಗೇ ವೀಸಾ ಅವಧಿಯೂ ವಿದ್ಯಾರ್ಥಿವೇತನವೂ ಮುಗಿಯುತ್ತಿದ್ದವು. ಪದವಿಯಿಲ್ಲದೆ ಹಿಂತಿರುಗಿದರೆ ಕೇಂದ್ರದ ಕೆಲಸವೂ ಹೋಗುವ ಸಂಭವವಿತ್ತು. ನನಗೆ ಅವಳನ್ನು ಸಮಾಧಾನಪಡಿಸುವ ಆತುರ. ನೀನು ಅಳೆದದ್ದನ್ನೇ ತಾನೇ ಬರೆದಿದ್ದೀಯ, ಸುಳ್ಳು ಬರೆದಿಲ್ಲವಲ್ಲ, ಇದನ್ನೇ ಒಪ್ಪಿಸು, ಮೀಟರ್ ಸರಿಯಿದೆಯೆಂದು ಪ್ರೊಫೆಸರಿಗೆ ನಾನೇ ಹೇಳುತ್ತೇನೆ ಅಂದುಬಿಟ್ಟೆ. ಆ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳು ತಲೆಯೆತ್ತಿದಳು. "ಮೇಡಂ, ನಾನಿದನ್ನ ನಮ್ಮೂರ ಹೆಂಗಸರಿಗೆ ಕಲಿಸಬೇಕು. ಅಲ್ಲಿ ಮಂಗಳವಾರ ಟ್ಯಾಂಕರ್ ಬರಲ್ಲ."

ಮರುದಿನ ಇಬ್ಬರೂ ಪ್ರೊಫೆಸರರ ಎದುರು ಕೂತೆವು. ನಡೆದದ್ದನ್ನೆಲ್ಲ ಅವಳೇ ಹೇಳಿದಳು. ನನ್ನ ಪಾಲನ್ನು ನಾನು ಒಪ್ಪಿಕೊಂಡೆ. ಅವರು ಕ್ಯಾಲೆಂಡರಿನಲ್ಲಿ ವಾರಗಳನ್ನು ಎಣಿಸಿ, ಹತ್ತು ಬೇಸಿನ್ ಬೇಡ, ನಾಲ್ಕು ಸಾಕು, ಆದರೆ ದಿನಾ ಅಳೆಯಬೇಕು, ಆರು ವಾರ, ಆಗುತ್ತಾ ಎಂದರು. "ಆಗುತ್ತೆ" ಎಂದಳು ಅಲ್ಮಾಜ್, ಕನ್ನಡದಲ್ಲೇ.

ಆದರೆ ಘಟಕದವರು ಒಪ್ಪಬೇಕಲ್ಲ. ಬಾಷಾ ಸಾಬರು ಈ ಸಲ ಖಡಾಖಂಡಿತವಾಗಿ ಆಗಲ್ಲ ಎಂದರು. "ನೆಂಟಳಿಗೆ ಕೊಳೆ ನೀರು ತೋರ್ಸೋದಾ? ಅದೂ ಹೋಗ್ಲಿ ಮೇಡಂ, ಇವ್ಳು ಪುಸ್ತಕದಲ್ಲಿ ನಮ್ ರೇಷ್ಮೆ ಕಳಪೆ ಅಂತ ಬರೆದ್ರೆ ಮಾರ್ಕೆಟ್ಟಲ್ಲಿ ಯಾರ್ ತಗೋತಾರೆ?" ಅವರ ಭಯ ಸುಳ್ಳಲ್ಲ. ನಾನು ಇಲಾಖೆಯ ದನಿಯಲ್ಲಿ ಏನೋ ಹೇಳಲು ಹೊರಟೆ. ಅಲ್ಮಾಜ್ ನನ್ನನ್ನು ತಡೆದು, ಒಂದೊಂದೇ ಪದ ಹುಡುಕಿ ಜೋಡಿಸಿದಳು.

"ಸಾಬ್, ನಿಮ್ಮ ಹೆಸರು ಬರೆಯಲ್ಲ. ಊರಿನ ಹೆಸರೂ ಬೇಡ. ನೀರು ಬರೀತೀನಿ, ನೀರು ಮಾತ್ರ. ನಾನು ನೆಂಟಳು ಅಲ್ಲ. ಕೆಲಸ ಮಾಡ್ತೀನಿ. ನಂಗೆ ಬೇಸಿನ್ ಕೊಡಿ."

ಸಾಬರು ಹೆಂಡತಿಯ ಮುಖ ನೋಡಿದರು. ನಸೀಮಾ ತನ್ನ ಪಕ್ಕದ ಬೇಸಿನ್ನಿನ ಮುಂದೆ ಒಂದು ಮಣೆ ಎಳೆದು ಹಾಕಿದಳು.

ಆರು ವಾರ ಅಲ್ಮಾಜ್ ಆ ಮಣೆಯ ಮೇಲೆ ಕೂತು ತಾನೂ ನೂಲು ತೆಗೆದಳು, ನಡುನಡುವೆ ಎದ್ದು ಉಳಿದ ಹೆಂಗಸರ ನಾಲ್ಕು ಬೇಸಿನ್‌ಗಳ ಅಳತೆ ತೆಗೆದಳು. ಭಾನುವಾರ ಬಿಟ್ಟು ದಿನಾ ಮೊದಲ ಬಸ್ಸಿಗೆ ಬರುತ್ತಿದ್ದಳು. ಕುದಿಯುವ ನೀರಿನಲ್ಲಿ ಕೈಯಾಡಿಸಿ ಬೆರಳ ಚರ್ಮ ಸುಲಿಯಿತು. ನಸೀಮಾ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತುವಳು, ಇವಳು ಮತ್ತೆ ಕೂರುವಳು. ಮೂರನೇ ವಾರದ ಹೊತ್ತಿಗೆ ಘಟಕದ ಹೆಂಗಸರು ಅವಳಿರುವುದನ್ನೇ ಮರೆತು ಮನೆಯ ಜಗಳ, ಮಕ್ಕಳ ಜ್ವರ ಎಲ್ಲವನ್ನೂ ಮಾತಾಡಿಕೊಳ್ಳತೊಡಗಿದರು. ಮೊದಲೆಂದೂ ನನ್ನ ಕಿವಿಗೆ ಬೀಳದ ಸಂಗತಿಗಳು ಹೊರಬಂದವು. ಗೂಡು ಎಳೆ ಬಿಡದಿದ್ದಾಗ ಅವರು ನೀರಿಗೆ ಒಂದು ಹಿಡಿ ಸೋಡಾ ಹಾಕುತ್ತಿದ್ದರಂತೆ. ಮಧ್ಯಾಹ್ನದ ನಂತರ ನೀರು ಬದಲಿಸುವುದನ್ನೇ ಬಿಟ್ಟಿದ್ದರಂತೆ. ಹಾಗೆ ಮಾಡಬಾರದೆಂದು ಎಷ್ಟೋ ವರ್ಷ ನಾನು ಪಾಠ ಮಾಡಿದ್ದೆ. ಎಲ್ಲರೂ ತಪ್ಪದೆ ತಲೆಯಾಡಿಸಿದ್ದರು.

ಕೊನೆಯ ವಾರ ಪ್ರೊಫೆಸರ್ ತಾವೇ ವಿಜಯಪುರಕ್ಕೆ ಬಂದರು. ಹಳೆಯ ನೋಟ್‌ಬುಕ್ಕನ್ನೂ ಹೊಸದನ್ನೂ ಅಕ್ಕಪಕ್ಕ ಬಿಡಿಸಿಟ್ಟುಕೊಂಡು ನೋಡುತ್ತ ಕೂತವರು ಇದ್ದಕ್ಕಿದ್ದಂತೆ ನಕ್ಕರು. ಹಳೆಯ ಅಂಕಿಗಳು ಸುಳ್ಳಲ್ಲ, ಅವುಗಳ ಮೇಲೆ ಅಂಟಿಸಿದ ಚೀಟಿ ತಪ್ಪಾಗಿತ್ತು ಎಂದರು. ಅದೇ ನಾಲ್ಕು ಬೇಸಿನ್, ಅದೇ ಕೈಗಳು. ಮೊದಲ ನಾಲ್ಕು ತಿಂಗಳು ಬಾವಿಯ ಮೆದು ನೀರು, ಆಮೇಲೆ ಆರು ವಾರ ಬೋರ್‌ವೆಲ್ಲಿನ ಗಡಸು ನೀರು. ಋತು ಬೇರೆ, ಗೂಡಿನ ತಳಿಯಲ್ಲೂ ಸ್ವಲ್ಪ ವ್ಯತ್ಯಾಸವಿದೆ, ಹೋಲಿಕೆ ಪೂರ್ಣವಲ್ಲ. ಆದರೂ ರೆಂಡಿಟ್ಟದಲ್ಲಿ ಒಂದು ಕಿಲೋ ಗೂಡಿಗೂ ಹೆಚ್ಚಿನ ಅಂತರ ಕಣ್ಣಿಗೆ ಹೊಡೆಯುವಂತಿತ್ತು. ನಡೆದದ್ದನ್ನು ನಡೆದಂತೆಯೇ ಪ್ರಬಂಧದಲ್ಲಿ ಬರೆ ಎಂದರು. ಅವಳು ಬರೆದಳು.

ಮೌಖಿಕ ಪರೀಕ್ಷೆಯ ದಿನ ನಸೀಮಾ, ಬಾಷಾ ಸಾಬ್ ಮತ್ತು ನಾನು ಕೊನೆಯ ಸಾಲಿನಲ್ಲಿ ಕೂತಿದ್ದೆವು. ಹೊರಗಿನಿಂದ ಬಂದ ಪರೀಕ್ಷಕರು, ನಿಮ್ಮ ಅಧ್ಯಯನದ ದೊಡ್ಡ ದೋಷ ಯಾವುದು ಎಂದು ಕೇಳಿದರು. ಅಲ್ಮಾಜ್ ಒಂದು ಕ್ಷಣ ನಮ್ಮ ಕಡೆ ನೋಡಿ ಇಂಗ್ಲಿಷಿನಲ್ಲಿ ಉತ್ತರಿಸಿದಳು: "ಮೊದಲ ನಾಲ್ಕು ತಿಂಗಳು ಜನ ನನ್ನ ಮೇಲೆ ಬಹಳ ಪ್ರೀತಿ ತೋರಿಸಿದರು. ಅದನ್ನು ನಾನು ಅಳೆಯಲಿಲ್ಲ." ಕೊಠಡಿಯೆಲ್ಲ ನಕ್ಕಿತು. "ಏನಂದ್ಲು?" ಎಂದು ನಸೀಮಾ ನನ್ನ ಮೊಣಕೈ ತಿವಿದಳು. ಕಿವಿಯಲ್ಲಿ ಹೇಳಿದೆ. ಅವಳು ನಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಲ್ಮಾಜ್ ಪಾಸಾಗಿ ಊರಿಗೆ ಹೋದಳು. ಈಗ ಅದೇ ಕೇಂದ್ರದಲ್ಲಿ ನೂಲು ವಿಭಾಗ ನೋಡಿಕೊಳ್ಳುತ್ತಾಳೆ. ಇತ್ತ ಬಾಷಾ ಸಾಬರು ಘಟಕದ ಚಾವಣಿಯ ಮಳೆನೀರು ಹಿಡಿಯಲು ತೊಟ್ಟಿ ಕಟ್ಟಿಸಿದರು. ಬೋರ್‌ವೆಲ್ ನೀರಿಗೆ ಅದನ್ನು ಬೆರೆಸಿ, ಮಧ್ಯಾಹ್ನವೂ ನೀರು ಬದಲಿಸುತ್ತಾರೆ. ಅವರನ್ನು ನೋಡಿ ಪಕ್ಕದವರೂ ಕಟ್ಟಿಸಿದರು. ನಾನು ಪಾಠ ಮಾಡಿದ್ದರಿಂದಲ್ಲ, ಎರಡು ನೀರಿನ ವ್ಯತ್ಯಾಸವನ್ನು ಅವರ ಕೈಗಳೇ ಕಂಡುಕೊಂಡದ್ದರಿಂದ.

ನನ್ನ ಸೇವೆಯ ಉಳಿದ ದಿನಗಳಲ್ಲಿ ಘಟಕಗಳಿಗೆ ಹೋಗುವ ರೀತಿಯನ್ನೇ ಬದಲಿಸಿಕೊಂಡೆ. ಮುಂಚೆ ಫೋನ್ ಮಾಡಿ ಹೊರಡುವುದನ್ನು ಬಿಟ್ಟೆ. ಹೋದ ಮೇಲೂ ಕುರ್ಚಿ ಬೇಡವೆಂದು ಹೆಂಗಸರ ಪಕ್ಕ ಕೂತೆ. ಕೆಲವು ದಿನ ಏನೂ ಕೇಳದೆ ಎದ್ದು ಬಂದೆ. ನನ್ನ ವರದಿಗಳಲ್ಲಿ ಒಳ್ಳೆಯ ಸುದ್ದಿ ಕಡಿಮೆಯಾಯಿತು, ಮೇಲಿನವರಿಂದ ಒಂದೆರಡು ಸಲ ವಿವರಣೆ ಕೇಳಿ ಪತ್ರವೂ ಬಂತು. ನಮ್ಮ ಜನ ಅತಿಥಿಗೆ ತಮ್ಮಲ್ಲಿರುವ ಒಳ್ಳೆಯದನ್ನೇ ತೋರಿಸುತ್ತಾರೆ, ಅದು ಅವರ ದೊಡ್ಡತನ. ಇದ್ದದ್ದನ್ನು ಇದ್ದಂತೆ ನೋಡಬೇಕಾದವರು ಅತಿಥಿಯಾಗಿ ಉಳಿಯಬಾರದು. ಇಪ್ಪತ್ತೆಂಟು ವರ್ಷ ಕಲಿಸಲು ಹೋದ ನನಗೆ ಇದನ್ನು ಕಲಿಸಿದವಳು, ಕಲಿಯಲೆಂದು ಸಮುದ್ರ ದಾಟಿ ಬಂದ ಒಬ್ಬ ಹುಡುಗಿ.